ಮೊದಲ ಸಲದ ‘ಇಲ್ಲ’

ನಿವೃತ್ತಿಯ ದಿನ ನಮ್ಮ ಉಗ್ರಾಣದಲ್ಲಿ ಕೇಕು ಕತ್ತರಿಸಿದರು. “ಬಾಷಾ ಇದ್ದಷ್ಟು ಕಾಲ ಬಿಡಿಭಾಗ ಸಿಗಲಿಲ್ಲ ಅಂತ ಯಾವ ಟವರೂ ನಿಂತುಹೋಗಲಿಲ್ಲ” ಎಂದು ಮ್ಯಾನೇಜರು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ, ಕೇಕು ತಿಂದೆ, ಹೆಂಡರ್ಸನ್ ಬಡಾವಣೆಯ ನಮ್ಮ ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ಹೆಂಡತಿ ನಸೀಮಾ ಬಾಗಿಲು ಬಡಿದು, “ಏನ್ರೀ, ಜಾರಿ ಬಿದ್ರಾ?” ಎಂದು ಗಾಬರಿಯಾದಳು. ಸೋಪು ಕಣ್ಣಿಗೆ ಹೋಯಿತು ಎಂದೆ. ಸುಳ್ಳು ಹೇಳುವುದು ನನಗೆ ಅಷ್ಟು ಸಲೀಸಾಗಿಬಿಟ್ಟಿತ್ತು.

ಮ್ಯಾನೇಜರು ಹೇಳಿದ ಆ ಮಾತು ಸುಳ್ಳು. ಒಂದು ಟವರು ನಿಂತುಹೋಗಿತ್ತು, ಬಿಡಿಭಾಗ ನನ್ನ ಮೇಜಿನ ಕೆಳಗಿದ್ದರೂ ನಿಂತುಹೋಗಿತ್ತು. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಅದನ್ನು ತಿಳಿದುಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ಪ್ರಮೋಷನ್ನು, ಪ್ರಶಸ್ತಿಪತ್ರಗಳ ವಿಷಯ ಇದರಲ್ಲಿ ಬರುವುದಿಲ್ಲ. ಅವು ಸುಮ್ಮನೆ ಕೂತಿದ್ದವರಿಗೂ ವಯಸ್ಸಾದ ಹಾಗೆ ಬರುತ್ತವೆ.

ನಾನು ಎಂಥ ಕೆಲಸದಲ್ಲಿದ್ದೆ ಎಂದು ಹೇಳಿದರೆ ಬೇಗ ಯಾರಿಗೂ ತಿಳಿಯುವುದಿಲ್ಲ. ನಮ್ಮ ಕನ್ನಡ ಕೂಟದ ಊಟಗಳಲ್ಲಿ ‘ಟೆಲಿಕಾಂ’ ಎಂದೊಡನೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ‘ಸ್ಟೋರ್ಸು’ ಎಂದೊಡನೆ ಅದೇ ಕುರ್ಚಿ ಹಿಂದಕ್ಕೆ ಹೋಗುತ್ತಿತ್ತು. ಆದರೆ ನಿಮ್ಮ ಕೈಯಲ್ಲಿರುವ ಫೋನು ಬಾಯಿ ಬಿಡಬೇಕಾದರೆ ಎಲ್ಲೋ ಒಂದು ಗುಡ್ಡದ ಮೇಲೆ ಟವರು ಇರಬೇಕು, ಅದರ ಬುಡದಲ್ಲಿ ತಗಡಿನ ಪೆಟ್ಟಿಗೆ ಇರಬೇಕು, ಪೆಟ್ಟಿಗೆಯೊಳಗೆ ಹತ್ತಾರು ಸರ್ಕ್ಯೂಟ್ ಕಾರ್ಡು, ಬ್ಯಾಟರಿ, ಫ್ಯಾನು ಸರಿಯಾಗಿರಬೇಕು. ಅದರಲ್ಲೊಂದು ಕೆಟ್ಟರೆ ಬದಲಿ ಭಾಗವನ್ನು ಯಾರೋ ಕಪಾಟಿನಿಂದ ತೆಗೆದು ಕಳಿಸಬೇಕಲ್ಲ, ಆ ಯಾರೋ ನಾನು. ಆಕ್ಲೆಂಡಿನ ಮನುಕಾವ್ ಬದಿಯ ಉಗ್ರಾಣದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದೆ.

ಈ ವಿದ್ಯೆ ನನಗೆ ಹೊಸದಾಗಿರಲಿಲ್ಲ. ಹಿರಿಯೂರಿನಲ್ಲಿ ನಮ್ಮ ಅಬ್ಬಾ ಹೈವೇ ಪಕ್ಕ ಲಾರಿ ಬಿಡಿಭಾಗದ ಅಂಗಡಿ ಇಟ್ಟಿದ್ದರು. ಮನೆಮಾತು ಉರ್ದುವಾದರೂ ನಾನು ಓದಿದ್ದು, ಜಗಳವಾಡಿದ್ದು, ಅಂಗಡಿಯ ಗಿರಾಕಿಗಳ ಹತ್ತಿರ ಬೈಸಿಕೊಂಡದ್ದು ಎಲ್ಲ ಕನ್ನಡದಲ್ಲಿ. ಯಾವನಾದರೂ ಡ್ರೈವರು ಬಂದು “ಸಾಬ್ರೇ, ಕ್ಲಚ್ ಪ್ಲೇಟ್ ಇದೆಯಾ?” ಎಂದರೆ ಅಬ್ಬಾ ತಲೆ ಎತ್ತದೆ “ಇಲ್ಲಪ್ಪ” ಎನ್ನುತ್ತಿದ್ದರು. ಸುಮ್ಮನೆ ವಿಚಾರಿಸಲು ಬಂದವನು ಹೊರಟುಹೋಗುತ್ತಿದ್ದ. ಲಾರಿ ತುಂಬ ಟೊಮೆಟೊ ಹಾಕಿಕೊಂಡು ರಸ್ತೆ ಮಧ್ಯೆ ನಿಂತವನು ಅರ್ಧ ಗಂಟೆಯಲ್ಲಿ ವಾಪಸು ಬಂದು, “ಯಜಮಾನ್ರೇ, ಇನ್ನೊಂದ್ಸಲ ನೋಡಿ, ಮಾಲೆಲ್ಲ ಕೊಳ್ತು ಹೋಗುತ್ತೆ” ಎಂದು ಕೈ ಮುಗಿಯುತ್ತಿದ್ದ. ಆಗ ಅಬ್ಬಾ ತಾವು ಕೂತ ಹಲಗೆಯ ಕೆಳಗಿನಿಂದ ಪ್ಲೇಟು ತೆಗೆದುಕೊಡುತ್ತಿದ್ದರು. ಇದನ್ನು ಮೋಸ ಎಂದು ಆ ರಸ್ತೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಹಾಗಿದ್ದೂ ಆಕ್ಲೆಂಡಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಒಳ್ಳೆಯವನಾಗಲು ಹೊರಟೆ. ಹೊಸ ದೇಶ, ಹೊಸ ಕೆಲಸ, ಎಲ್ಲರೂ ಮೆಚ್ಚಬೇಕಲ್ಲ! ಕೇಳಿದವರಿಗೆಲ್ಲ ಕೇಳಿದ್ದನ್ನು ಕೊಟ್ಟೆ. ಚಳಿಗಾಲದಲ್ಲಿ ದೊಡ್ಡ ಬಿರುಗಾಳಿ ಬಂದು ನಾಲ್ಕಾರು ಕಡೆ ಕಾರ್ಡುಗಳು ಸುಟ್ಟಾಗ ನನ್ನ ಕಪಾಟು ಬೋಳಾಗಿತ್ತು. ನನ್ನ ಮೇಲಿನವನು ಗ್ರೇಮ್ ಎಂಬ ಮುದುಕ, ಸಣಕಲು ಆಳು, ವರ್ಷವಿಡೀ ಚಡ್ಡಿಯಲ್ಲೇ ಓಡಾಡುತ್ತಿದ್ದ. ಬೈಯಲಿಲ್ಲ. ಫೋನನ್ನು ನನ್ನ ಮುಂದೆ ತಳ್ಳಿ, ಒಬ್ಬೊಬ್ಬ ಎಂಜಿನಿಯರಿಗೂ ಫೋನ್ ಮಾಡಿ ನೀನು ಕೊಟ್ಟದ್ದು ಎಲ್ಲಿದೆ ವಿಚಾರಿಸು ಎಂದ. ಮಾಡಿದೆ. ಎಲ್ಲ ಅವರವರ ವ್ಯಾನಿನಲ್ಲಿ, ಗ್ಯಾರೇಜಿನಲ್ಲಿ ಭದ್ರವಾಗಿ ಕೂತಿದ್ದವು. ಒಬ್ಬನ ಯೂಟ್‌ನ, ಅಂದರೆ ಪುಟ್ಟ ಟ್ರಕ್ಕಿನಂಥ ಗಾಡಿಯ, ಹಿಂಬದಿಯಲ್ಲಿ ನಾಯಿಯ ಕಂಬಳಿಯ ಕೆಳಗೆ ನಾಲ್ಕು ತಿಂಗಳಿಂದ ಒಂದು ಕಾರ್ಡು ಉರುಳಾಡುತ್ತಿತ್ತು! ಯಾಕಪ್ಪಾ ತೆಗೆದುಕೊಂಡೆ ಎಂದರೆ, ಸುಮ್ಮನೆ, ಇರಲಿ ಅಂತ, ಎಂದ.

ಆಮೇಲೆ ಗ್ರೇಮ್ ಪಾಠ ಮಾಡಿದ. “ಮೊದಲ ಸಲ ಕೇಳಿದಾಗ ಇಲ್ಲ ಅನ್ನು, ಬಾಷಾ. ನಿಜವಾಗಿ ಬೇಕಾದವನು ಮತ್ತೆ ಫೋನ್ ಮಾಡೇ ಮಾಡುತ್ತಾನೆ. ಎರಡನೇ ಸಲದ ದನಿ ಕೇಳಿದರೆ ಅವನಿಗೆ ಎಷ್ಟು ಬೇಕಾಗಿದೆ ಎಂದು ಗೊತ್ತಾಗುತ್ತೆ. ಆಗ ಕೊಡು.” ಅಬ್ಬಾ ಎದುರಿಗೆ ನಿಂತು ಮಾತಾಡಿದ ಹಾಗಾಯಿತು. ಭೂಮಿಯ ಈ ತುದಿಯಲ್ಲೂ ಅದೇ ಹಲಗೆ, ಅದೇ ವ್ಯಾಪಾರ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ ಮನೆಗೆ ಹೋಗಿ ನಸೀಮಾಳಿಗೂ ಹೇಳಿದೆ.

ದೇಶದ ಎಲ್ಲ ಹಳೆಯ ಎಂಜಿನಿಯರುಗಳಿಗೂ ಈ ಪದ್ಧತಿ ಗೊತ್ತಿತ್ತು. ಯಾವ ಕೈಪಿಡಿಯಲ್ಲೂ ಇರಲಿಲ್ಲ, ಆದರೂ ಗೊತ್ತಿತ್ತು. ಕಣಿವೆಗಳ ಕಡೆಯ ಟವರುಗಳನ್ನು ನೋಡಿಕೊಳ್ಳುತ್ತಿದ್ದ ವಿರೆಮು ಎಂಬ ಮಾವೋರಿ ತಂತ್ರಜ್ಞನಂತೂ ಫೋನ್ ಮಾಡಿದವನೇ, “ಬಾಷಾ ಬ್ರೋ, ನಿನ್ನ ‘ಇಲ್ಲ’ ಹೇಳಿಬಿಡು, ನಾನು ಟೀಗೆ ನೀರಿಟ್ಟು ಮತ್ತೆ ಮಾಡುತ್ತೇನೆ” ಎನ್ನುತ್ತಿದ್ದ. ನಾನು ಗಂಭೀರವಾಗಿ ಇಲ್ಲ ಎನ್ನುತ್ತಿದ್ದೆ. ಅವನು ಟೀ ಕುಡಿದು ಮತ್ತೆ ಮಾಡುತ್ತಿದ್ದ. ಅಷ್ಟರಲ್ಲಿ ನಾನು ಡಬ್ಬಿ ಕಟ್ಟಿಸಿ ಕೊರಿಯರ್‌ಗೆ ಬರೆದಿರುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಗ್ರೇಮ್ ನಿವೃತ್ತನಾದ. ಅವನ ಜಾಗಕ್ಕೆ ಬಂದ ಹೊಸ ಮ್ಯಾನೇಜರಿಗೆ ಕಪಾಟು ತುಂಬಿರುವುದು ಕಂಡರೆ ಮೈ ಉರಿಯುತ್ತಿತ್ತು. ಸುಮ್ಮನೆ ಕೂತ ಸಾಮಾನು ಸೋಮಾರಿ ಸಾಮಾನಂತೆ. ಅರ್ಧಕ್ಕರ್ಧ ದಾಸ್ತಾನು ಸಿಂಗಪುರಕ್ಕೆ ಹೋಯಿತು. ಬೇಕೆಂದಾಗ ವಿಮಾನದಲ್ಲಿ ಎರಡೇ ದಿನದಲ್ಲಿ ಬರುತ್ತದೆ ಎಂದರು. ಕೆಟ್ಟ ಕಾರ್ಡುಗಳನ್ನು ರಿಪೇರಿಗೆ ಪರದೇಶಕ್ಕೆ ಕಳಿಸಿ ತರಿಸುವ ಏರ್ಪಾಡಾಯಿತು. ಟವರು ನೋಡುವ ಕೆಲಸ ಗುತ್ತಿಗೆದಾರರಿಗೆ ಹೋಯಿತು, ವಿರೆಮು ಮತ್ತವನ ವಾರಗೆಯವರಿಗೆಲ್ಲ ಕೈಮುಗಿದು ಮನೆಗೆ ಕಳಿಸಿದರು. ಹಳ್ಳಿಗಳ ತಾಮ್ರದ ತಂತಿಯ ಫೋನುಗಳನ್ನೂ ಒಂದೊಂದಾಗಿ ಕಿತ್ತು, ಟವರಿನಿಂದ ಸಿಗ್ನಲ್ ಹಿಡಿಯುವ ಬಿಳಿ ಪೆಟ್ಟಿಗೆಗಳನ್ನು ಮನೆಮನೆಗೂ ಕೊಟ್ಟರು. ಕರೆಂಟು ಹೋದರೂ ಕೂಗುತ್ತಿದ್ದ ಹಳೆಯ ಫೋನು ಹೋಗಿ, ಟವರು ಸತ್ತರೆ ತಾನೂ ಸಾಯುವ ಫೋನು ಬಂತು. ನಾನು ಬಾಯಿ ಬಿಡಲಿಲ್ಲ. ಸ್ಟೋರ್ಸಿನವನನ್ನು ಯಾರು ಕೇಳುತ್ತಾರೆ?

ಹೀಗೆ ಎಲ್ಲವನ್ನೂ ನುಣ್ಣಗೆ ಬೋಳಿಸಿ ಕೂತಿದ್ದಾಗ ಕೋವಿಡ್ ಬಂತು.

ಜನರಿಗೆ ಲಾಕ್‌ಡೌನ್ ಎಂದರೆ ಖಾಲಿ ರಸ್ತೆ, ಮನೆಯಲ್ಲಿ ಮಾಡಿದ ಬ್ರೆಡ್ಡು ನೆನಪಾಗುತ್ತವೆ. ನನಗೆ ನೆನಪಾಗುವುದು ಕಂಪ್ಯೂಟರಿನ ಒಂದು ಕಾಲಮ್ಮು. ‘ಬರುವ ದಿನ’ ಎಂದು ಅದರ ತಲೆಬರಹ. ವಿಮಾನಗಳು ನಿಂತವು, ಪ್ರಯಾಣಿಕರ ಕಾಲಡಿಯಲ್ಲೇ ನಮ್ಮ ಡಬ್ಬಿಗಳೂ ಬರುತ್ತಿದ್ದವೆಂದು ಆವರೆಗೆ ಎಷ್ಟು ಜನಕ್ಕೆ ಗೊತ್ತಿತ್ತೋ. ಸಿಂಗಪುರದ ಸಾಮಾನು ಸಿಂಗಪುರದಲ್ಲೇ ಉಳಿಯಿತು. ರಿಪೇರಿಗೆ ಹೋದವು ಯಾವ ಕಾರ್ಖಾನೆಯ ಬೀಗದ ಹಿಂದಿವೆಯೋ ತಿಳಿಯಲಿಲ್ಲ. ಹಡಗಿನಲ್ಲಿ ತರಿಸೋಣವೆಂದರೆ ಕಂಟೇನರಿಲ್ಲ, ಕಂಟೇನರು ಸಿಕ್ಕರೆ ಹಡಗು ನಮ್ಮ ಬಂದರು ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ಒಂದು ಭಾನುವಾರ ನಾನೂ ನಸೀಮಾಳೂ ಸಮುದ್ರದ ದಂಡೆಗೆ ಹೋದಾಗ ದೂರದಲ್ಲಿ ಹಡಗುಗಳು ಲಂಗರು ಹಾಕಿ ಸಾಲಾಗಿ ಕಾಯುತ್ತಿದ್ದವು. “ಎಷ್ಟು ಚಂದ ಕಾಣುತ್ತೆ ಅಲ್ವಾ?” ಎಂದಳು ಅವಳು. ಅದರಲ್ಲೊಂದರ ಹೊಟ್ಟೆಯೊಳಗೆ ನನ್ನ ಸಾಮಾನಿತ್ತು. ನನಗೆ ರೇಗಿಹೋಯಿತು, ಪಾಪ ಅವಳ ಮೇಲೆ ಹರಿಹಾಯ್ದೆ.

ಎರಡನೆಯ ವರ್ಷ ಇನ್ನೂ ಕೆಟ್ಟಿತು. ಕಾರಿಗೂ ಟಿವಿಗೂ ಟವರಿಗೂ ಬೇಕಾದ ಚಿಪ್ಪುಗಳಿಗೆ ಲೋಕವೆಲ್ಲ ಕಿತ್ತಾಡುತ್ತಿತ್ತು. ಇಲ್ಲಿ ನೋಡಿದರೆ ಶಾಲೆ, ಕಚೇರಿ, ಸಾವಿನ ಪ್ರಾರ್ಥನೆ, ಮದುವೆ ಎಲ್ಲ ಫೋನಿನಲ್ಲೇ ನಡೆಯುತ್ತಿದ್ದವು. ‘ಬರುವ ದಿನ’ ಒಂದು ತಿಂಗಳು ಮುಂದಕ್ಕೆ ಹೋಯಿತು, ಮತ್ತೆ ಮೂರು ತಿಂಗಳು. ಕೊನೆಗೆ ಆ ಕಾಲಮ್ಮಿನಲ್ಲಿ ಬರೀ ಒಂದು ಗೆರೆ ಎಳೆದಿರುತ್ತಿತ್ತು. ಉಗ್ರಾಣದಲ್ಲಿ ಮಿಕ್ಕಿದ್ದನ್ನು ಹಂಚಲು ಮೇಲೆ ಒಂದು ತಂಡ ಮಾಡಿದರು. ಕಂಪ್ಯೂಟರಿನಲ್ಲಿ ‘ಇದೆ’ ಎಂದು ಕಂಡದ್ದನ್ನೆಲ್ಲ ಆ ತಂಡ ನಗರಗಳ ಟವರುಗಳಿಗೆ ಎತ್ತಿಕೊಡುತ್ತಿತ್ತು. ಅಲ್ಲಿ ಗಿರಾಕಿಗಳು ಹೆಚ್ಚು. ಗುಡ್ಡಗಾಡಿನ ಟವರಿಗೆ ಏನಾದರೂ ಉಳಿಯಬೇಕಾದರೆ ಅದನ್ನು ಬಚ್ಚಿಡಬೇಕಿತ್ತು, ಬಚ್ಚಿಟ್ಟೆ. ಅದನ್ನು ತಪ್ಪೆಂದು ಇವತ್ತೂ ಅನ್ನುವುದಿಲ್ಲ.

ಬಚ್ಚಿಟ್ಟವುಗಳಲ್ಲಿ ಒಂದು ರೆಕ್ಟಿಫೈಯರ್ ಇತ್ತು. ಕರೆಂಟನ್ನು ಟವರಿನ ಯಂತ್ರಗಳಿಗೆ ಒಗ್ಗುವ ಹಾಗೆ ಮಾರ್ಪಡಿಸಿ, ಬ್ಯಾಟರಿಗೂ ತುಂಬಿಸುವ ಪೆಟ್ಟಿಗೆ ಅದು, ದೊಡ್ಡ ನಿಘಂಟಿನಷ್ಟು ಗಾತ್ರ. ಹಳೆಯ ಮಾದರಿ, ಕಾರ್ಖಾನೆಯವರು ಮಾಡುವುದನ್ನೇ ಬಿಟ್ಟಿದ್ದರು. ಬೇರೆ ಮಾದರಿ ಆ ಟವರುಗಳಿಗೆ ಕೂರುತ್ತಿರಲಿಲ್ಲ. ಉಗ್ರಾಣದ ಕೊನೆಯದನ್ನು ಕಂಪ್ಯೂಟರಿನಲ್ಲಿ ‘ಪರೀಕ್ಷೆಯಲ್ಲಿದೆ’ ಎಂದು ಬರೆದು ನನ್ನ ಮೇಜಿನ ಕೆಳಗೆ ಇಟ್ಟುಕೊಂಡೆ. ಅಬ್ಬಾನ ಹಲಗೆಯ ಹಾಗೆ.

ಈಗ ರಚನಾಳ ವಿಷಯ. ಮೈಸೂರಿನ ಹುಡುಗಿ, ಎಂಜಿನಿಯರು. ಕೋವಿಡ್‌ಗೆ ಸ್ವಲ್ಪ ಮುಂಚೆ ಕೆಲಸಕ್ಕೆ ಸೇರಿ, ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ ಮನೆಯಿಂದಲೇ ಆ ಕಡೆಯ ಕಣಿವೆಗಳ ಟವರುಗಳ ಉಸ್ತುವಾರಿ ನೋಡುತ್ತಿದ್ದಳು. ಮೊದಲ ಸಲ ಫೋನ್ ಮಾಡಿದಾಗ ಇಬ್ಬರೂ ಇಂಗ್ಲಿಷಿನಲ್ಲಿ ಶಿಸ್ತಾಗಿ ಮಾತಾಡುತ್ತಿದ್ದೆವು. ನಾನು ಕನ್ನಡಕಕ್ಕೆ ತಡಕಾಡುತ್ತ “ಅಯ್ಯೋ, ಎಲ್ಲಿಟ್ಟೆನಪ್ಪಾ” ಎಂದು ಗೊಣಗಿದೆ. ಆ ಕಡೆ ಕಿಲಕಿಲ ನಗು. “ನೀವು ಕನ್ನಡದವ್ರಾ! ಲಿಸ್ಟಲ್ಲಿ ಹೆಸರು ನೋಡಿ ಫಿಜಿ ಕಡೆ ಇಂಡಿಯನ್ನೇನೋ ಅನ್ಕೊಂಡಿದ್ದೆ ಅಂಕಲ್” ಎಂದಳು. ಆವತ್ತಿನಿಂದ ನಾನು ಬಾಷಾ ಅಂಕಲ್. ನನ್ನ ಮಗಳು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಉಗ್ರಾಣದ ಫೋನಿನಲ್ಲಿ ಒಂದು ಕನ್ನಡದ ದನಿ ನನ್ನನ್ನು ಅಂಕಲ್ ಅಂದರೆ ದಿನವೆಲ್ಲ ಹಗುರವಾಗುತ್ತಿತ್ತು.

ಆಕ್ಲೆಂಡಿಗೆ ಮಾತ್ರ ಮತ್ತೆ ಲಾಕ್‌ಡೌನ್ ಬಿದ್ದು, ಊರಿನ ಸುತ್ತ ಪೊಲೀಸರ ತಡೆ ಕೂತಿದ್ದ ಕಾಲವದು. ಒಂದು ಮಧ್ಯಾಹ್ನ ರಚನಾ ಫೋನ್ ಮಾಡಿದಳು.

“ಅಂಕಲ್, ನಮ್ಮದೊಂದು ಕಣಿವೆ ಟವರಲ್ಲಿ ಎರಡು ರೆಕ್ಟಿಫೈಯರ್ ಪೈಕಿ ಒಂದು ಹೋಗಿದೆ. ಇನ್ನೊಂದರ ಮೇಲೆ ನಡೀತಿದೆ. ಸಿಸ್ಟಮ್ಮಲ್ಲಿ ಸ್ಟಾಕ್ ಸೊನ್ನೆ ತೋರಿಸ್ತಿದೆ. ನಿಮ್ಮತ್ರ ಏನಾದ್ರೂ ಇದ್ಯಾ?”

ಡಬ್ಬಿ ನನ್ನ ಬಲಗಾಲಿಗೆ ತಾಗುತ್ತಿತ್ತು.

“ಇಲ್ಲ ಕಣಮ್ಮ” ಎಂದೆ.

“ಎಲ್ಲೂ ಇಲ್ವಾ ಅಂಕಲ್?”

“ಎಲ್ಲಿಂದ ತರ್ಲಿ ತಾಯಿ, ಇಡೀ ದೇಶ ಜಾಲಾಡಿದ್ರೂ ಒಂದೂ ಇಲ್ಲ. ಹಡಗು ಬರ್ಲಿ, ಮೊದಲನೇದು ನಿಂಗೇ.”

“ಹೌದಾ. ಸರಿ ಬಿಡಿ ಅಂಕಲ್. ಊಟ ಆಯ್ತಾ? ಆಂಟಿ ಹೇಗಿದಾರೆ?”

ಊಟ, ಆಂಟಿ, ಮೈಸೂರಿನಲ್ಲಿ ಅವಳ ತಂದೆಗೆ ಬಂದು ಹೋದ ಜ್ವರ, ಎಲ್ಲ ಮಾತಾಡಿ ಫೋನಿಟ್ಟೆವು. ನಾನು ಎರಡನೆಯ ಫೋನಿಗೆ ಕಾದೆ.

ಯಾಕೆ ಮೊದಲೇ ಕೊಡಲಿಲ್ಲ ಎಂದು ಕೇಳಬಹುದು. ಆ ಟವರು ಇನ್ನೂ ನಿಂತಿತ್ತು, ಒಂದು ರೆಕ್ಟಿಫೈಯರಿನ ಮೇಲೆ ತಿಂಗಳುಗಟ್ಟಲೆ ನಡೆದ ಟವರುಗಳನ್ನು ನಾನು ಕಂಡಿದ್ದೆ. ಪೂರ್ತಿ ಸತ್ತ ಟವರಿನವನು ನಾಳೆ ಕೇಳಿದರೆ ಏನು ಕೊಡಲಿ ಎಂಬ ಯೋಚನೆಯೂ ಇತ್ತು. ಅವಳು ಮತ್ತೆ ಕೇಳಿದ್ದರೆ ಮರುಮಾತಿಲ್ಲದೆ ಕಳಿಸುತ್ತಿದ್ದೆ, ಅದು ಮನಸ್ಸಿನಲ್ಲೇ ತೀರ್ಮಾನವಾಗಿತ್ತು. ಒಂದು ದಿನ ಹೋಯಿತು, ಎರಡಾಯಿತು. ಅಷ್ಟೇನೂ ಅವಸರವಿಲ್ಲ ಎಂದುಕೊಂಡೆ. ವಾರವಾಯಿತು. ಒಮ್ಮೆ ನಾನೇ ಫೋನ್ ಮಾಡಲೇ ಎಂದು ರಿಸೀವರ್ ಎತ್ತಿದ್ದೂ ಉಂಟು. ಸ್ಟೋರ್ಸಿನವನು ತಾನಾಗಿ ಫೋನ್ ಮಾಡಿ ಸಾಮಾನು ಕೊಡುತ್ತೇನೆ ಅನ್ನುವುದೇ? ಅಂಥ ಪದ್ಧತಿಯೇ ಇರಲಿಲ್ಲ. ಇಟ್ಟುಬಿಟ್ಟೆ.

ವಿರೆಮುವಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ ‘ಇಲ್ಲ’ಕ್ಕೂ, ನಮ್ಮ ಹುಡುಗಿಗೆ ಕನ್ನಡದಲ್ಲಿ, ತಾಯಿ, ಅಮ್ಮ ಎಂದು ಬೆಣ್ಣೆ ಸವರಿ ಹೇಳಿದ ‘ಇಲ್ಲ’ಕ್ಕೂ ಅಜಗಜಾಂತರವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಅವಳಿಗೆ ನಾನು ಸ್ಟೋರ್ಸಿನ ಮನುಷ್ಯನಾಗಿರಲಿಲ್ಲ, ಅಂಕಲ್ ಆಗಿದ್ದೆ. ಅಂಕಲ್ ಹೇಳಿದ ಮಾತನ್ನು ನಂಬಿ, ಕಾಗದದಲ್ಲಿ ‘ದೇಶದಲ್ಲಿ ದಾಸ್ತಾನಿಲ್ಲ, ಹಡಗು ಬರುವವರೆಗೆ ಕಾಯಬೇಕು’ ಎಂದು ಬರೆದು, ಅವಳು ಮುಂದಿನ ಕೆಲಸಕ್ಕೆ ಹೋಗಿದ್ದಳು.

ಒಂದು ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ಅವಳ ಫೋನು ಬಂತು. ದನಿ ನಡುಗುತ್ತಿತ್ತು. “ಅಂಕಲ್, ಆ ಎರಡನೇದೂ ಹೋಯ್ತು. ಬ್ಯಾಟರಿ ರಾತ್ರಿವರೆಗೂ ಬಂದ್ರೆ ಹೆಚ್ಚು. ಇಡೀ ಕಣಿವೆಗೆ ಫೋನಿರಲ್ಲ. ಏನ್ ಮಾಡ್ಲಿ?” ಜನರೇಟರ್ ಇಟ್ಟರೂ ಪ್ರಯೋಜನವಿರಲಿಲ್ಲ, ಅದರ ಕರೆಂಟೂ ರೆಕ್ಟಿಫೈಯರ್ ದಾಟಿಯೇ ಹೋಗಬೇಕು.

“ಇರು ಇರು” ಎಂದೆ. “ಇಲ್ಲೊಂದು ಮೂಲೇಲಿ ಸಿಕ್ಕಿದೆ. ಟೆಸ್ಟಿಗೆ ಅಂತ ಇಟ್ಟಿದ್ರಂತೆ. ಈಗ್ಲೇ ಕಳಿಸ್ತೀನಿ.”

“ಅಯ್ಯೋ ದೇವ್ರೇ! ಅಂಕಲ್, ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ” ಎಂದು ಅವಳು ಅತ್ತೇಬಿಟ್ಟಳು. ಆ ಕೃತಜ್ಞತೆಯನ್ನು ನಾನು ಸ್ವೀಕರಿಸಿದೆ. “ಇರ್ಲಿ ಬಿಡಮ್ಮ” ಎಂದೆ. ಎಂಥ ನಾಲಿಗೆ ಅದು, ಎಂಥ ಬಾಯಿ!

ಡಬ್ಬಿ ಶುಕ್ರವಾರವೇ ಹೊರಟಿತು. ಮಾಮೂಲಿ ದಿನಗಳಾಗಿದ್ದರೆ ಬೆಳಗಾಗುವಷ್ಟರಲ್ಲಿ ತಲುಪುತ್ತಿತ್ತು. ಊರಿನ ಗಡಿಯಲ್ಲಿ ಲಾರಿಗಳ ಸಾಲು, ಚಾಲಕರ ಕೋವಿಡ್ ಪರೀಕ್ಷೆಯ ಕಾಗದ, ವಾರಾಂತ್ಯದ ಕೊರಿಯರ್ ಬೇರೆ. ನಾನೇ ಕಾರಿನಲ್ಲಿ ಹಾಕಿಕೊಂಡು ಹೋಗುತ್ತೇನೆಂದರೆ ನನ್ನ ಪರವಾನಗಿ ಆಕ್ಲೆಂಡಿನೊಳಗಿನ ಓಡಾಟಕ್ಕೆ ಮಾತ್ರ. ಅದು ತಲುಪಿ ಟವರು ಎದ್ದದ್ದು ಭಾನುವಾರ ಬೆಳಿಗ್ಗೆ.

ಶನಿವಾರ ಬೆಳಿಗ್ಗೆ ಆ ಕಣಿವೆಯ ಕೊನೆಯ ಮನೆಯಲ್ಲಿ ಕೋಲಿನ್ ಎಂಬ ಕುರಿ ಸಾಕುವ ಮುದುಕನಿಗೆ ಎದೆನೋವು ಬಂತು. ಕುರಿಗಳ ಹತ್ತಿರ ಹೋಗಲು ಬೂಟು ಹಾಕಿಕೊಳ್ಳುತ್ತಿದ್ದ. ಹೆಂಡತಿ ಜೋನ್ ಮನೆಯ ಫೋನ್ ಎತ್ತಿದಳು, ಅದರಲ್ಲಿ ದನಿಯಿಲ್ಲ. ಮೊಬೈಲಿನಲ್ಲಿ ಸಿಗ್ನಲ್ಲಿಲ್ಲ. ಅಕ್ಕಪಕ್ಕ ಎಂದರೆ ಅಲ್ಲಿ ಮೈಲಿಗಟ್ಟಲೆ ದೂರ, ಅವರದೂ ಅದೇ ಟವರು. ಗಂಡನಿಗೆ ದಿಂಬು ಕೊಟ್ಟು ಒರಗಿಸಿ, ಯೂಟ್ ಹತ್ತಿ, ಬೇರೆ ಟವರಿನ ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಓಡಿಸಿಕೊಂಡು ಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಹೆಲಿಕಾಪ್ಟರ್ ಬಂತು. ಅದು ಬರುವುದಕ್ಕಿಂತ ಮೊದಲೇ ಅವಳು ಮನೆಗೆ ವಾಪಸಾಗಿದ್ದಳು. ಕೋಲಿನ್ ಹೋಗಿಬಿಟ್ಟಿದ್ದ. ಒಂದು ಕಾಲಿಗೆ ಬೂಟಿತ್ತು. ಅವನು ಸಾಯುವ ಹೊತ್ತಿಗೆ ಜೋನ್ ಗುಡ್ಡದ ಮೇಲಿದ್ದಳು, ಒಂಟಿಯಾಗಿ ಸತ್ತ.

ಮೊದಲೇ ಫೋನ್ ಸಿಕ್ಕಿದ್ದರೆ ಬದುಕುತ್ತಿದ್ದನೇ? ಹೇಳಲಾಗುವುದಿಲ್ಲ ಎಂದರಂತೆ ಡಾಕ್ಟರು. ಆ ಮಾತನ್ನು ಹಿಡಿದುಕೊಂಡು ನಾನು ಎಷ್ಟು ದಿನ ಜಗ್ಗಾಡಿದೆನೋ. ಬದುಕುತ್ತಿರಲಿಲ್ಲ ಎಂದು ಬೆಳಿಗ್ಗೆ ನಂಬಿದರೆ ಸಂಜೆಯ ಹೊತ್ತಿಗೆ ಬದುಕುತ್ತಿದ್ದ ಅನ್ನಿಸುತ್ತಿತ್ತು. ಹೆಂಡತಿಯಾದರೂ ಪಕ್ಕದಲ್ಲಿರುತ್ತಿದ್ದಳಲ್ಲ ಎಂಬುದಕ್ಕೆ ಮಾತ್ರ ಯಾವ ಡಾಕ್ಟರನ್ನೂ ಕೇಳಬೇಕಾಗಿರಲಿಲ್ಲ.

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಪರದೆಯ ತುಂಬ ಚಿಕ್ಕ ಚಿಕ್ಕ ಮುಖಗಳು. ಒಂದು ರೆಕ್ಟಿಫೈಯರ್ ಕೆಟ್ಟಾಗಲೇ ಮೇಲಿನವರ ಗಮನಕ್ಕೆ ಯಾಕೆ ತರಲಿಲ್ಲ ಎಂದು ರಚನಾಳನ್ನು ಕೇಳಿದರು. “ದೇಶದಲ್ಲೇ ಇರಲಿಲ್ಲ. ಬಾಷಾ ಅವರನ್ನು ಕೇಳಿದ್ದೆ. ಅವರು ಇಲ್ಲ ಅಂದರೆ ಇಲ್ಲ” ಎಂದಳು. ಆಮೇಲೆ ಸಿಕ್ಕಿತಲ್ಲ ಎಂದು ಒಬ್ಬರು ಕೇಳಿದರು. “ಅವರು ಮೂಲೆ ಮೂಲೆ ಹುಡುಕಿ ತೆಗೆದಿದ್ದು” ಎಂದಳು. ನನ್ನ ಪರವಾಗಿ ವಾದಿಸುತ್ತಿದ್ದಳು! ನನಗೆ ಮಾತಾಡಲು ಅವಕಾಶವಿತ್ತು. ಪರದೆಯ ಮೇಲಿನ ಮೈಕಿನ ಚಿತ್ರಕ್ಕೆ ಅಡ್ಡಗೆರೆ ಹಾಗೇ ಇತ್ತು, ನಾನು ಅದನ್ನು ಒತ್ತಲಿಲ್ಲ. ಹಡಗು, ಚಿಪ್ಪು, ಕೋವಿಡ್ಡುಗಳ ಮೇಲೆ ಹೊರೆ ಹಾಕಿ, ‘ಉಸ್ತುವಾರಿ ಎಂಜಿನಿಯರು ಇನ್ನಷ್ಟು ಒತ್ತಾಯಿಸಬಹುದಿತ್ತು’ ಎಂದು ಒಂದು ಸಾಲು ಸೇರಿಸಿ ಕಡತ ಮುಚ್ಚಿದರು. ಆ ಒಂದು ಸಾಲು ಸಾಕಾಯಿತು, ಆರು ತಿಂಗಳಲ್ಲಿ ರಚನಾ ಕೆಲಸ ಬಿಟ್ಟಳು.

ಆಮೇಲೂ ನಾನು ಕೆಲಸ ಮಾಡಿದೆ. ಮೊದಲ ಸಲವೇ ಇದೆ ಎನ್ನತೊಡಗಿದೆ. ಕಪಾಟು ಬೇಗ ಖಾಲಿಯಾಯಿತು, ಬೈಸಿಕೊಂಡೆ. ಅದರಿಂದ ಯಾರಿಗೆ ಏನು ಒಳ್ಳೆಯದಾಯಿತೋ ಗೊತ್ತಿಲ್ಲ.

ನಿವೃತ್ತನಾಗಿ ಎರಡು ತಿಂಗಳಿಗೆ ವೆಲಿಂಗ್ಟನ್ನಿನಲ್ಲಿ ನೆಂಟರ ಮನೆಯ ನಿಕಾಹ್ ಇತ್ತು. ಮರುದಿನ ಬೆಳಿಗ್ಗೆ ನಸೀಮಾಳನ್ನು ಅಲ್ಲೇ ಬಿಟ್ಟು ಜಾನ್ಸನ್‌ವಿಲ್ ರೈಲು ಹತ್ತಿದೆ. ಹೇಳಿಬಿಡುತ್ತೇನೆ, ಅವಳ ಕಾಲಿಗೆ ಬೀಳುತ್ತೇನೆ, ಅವಳು ಬೈಯಲಿ, ಹೊಡೆಯಲಿ, ಎದೆಯ ಮೇಲಿನ ಕಲ್ಲು ಇಳಿದರೆ ಸಾಕು ಎಂದುಕೊಂಡೆ. ನನ್ನ ಕಲ್ಲಿನ ಯೋಚನೆಯೇ ನನಗೆ!

ರಚನಾ ಬಾಗಿಲಲ್ಲೇ “ಅಂಕಲ್! ಒಂದ್ ಫೋನ್ ಮಾಡ್ಬಾರ್ದಾ, ಸ್ಟೇಷನ್ನಿಗೇ ಬರ್ತಿದ್ದೆ” ಎಂದು ಸಡಗರಪಟ್ಟಳು. ಫೋನಿನಲ್ಲಿ ಇಷ್ಟು ವರ್ಷ ಮಾತಾಡಿದ್ದರೂ ಎದುರೆದುರು ಭೇಟಿಯಾದದ್ದು ಅದೇ ಮೊದಲು. ಕಾಫಿ ಮಾಡಿದಳು. ಬ್ರೆಡ್ಡಿಗೆ ಹಚ್ಚಲು ಫಿಜೋವಾ ಹಣ್ಣಿನ ಜಾಮ್ ಇಟ್ಟಳು. “ಜೋನ್ ಕಳಿಸಿದ್ದು” ಎಂದಳು. ಯಾವ ಜೋನ್ ಎಂದು ನಾನು ಕೇಳಬೇಕಾಗಲಿಲ್ಲ.

ಕಂಪನಿಯವರು ಬೇಡವೆಂದರೂ ರಚನಾ ಆಗ ಜೋನ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದ್ದಳಂತೆ. ಅಷ್ಟು ದೊಡ್ಡ ಕಂಪನಿಯಿಂದ ಫೋನ್ ಮಾಡಿದವಳು ನೀನೊಬ್ಬಳೇ ಎಂದಳಂತೆ ಜೋನ್. ಅಲ್ಲಿಂದ ಬೆಳೆದ ಸ್ನೇಹ. ಕುರಿ ಮರಿ ಹಾಕುವ ಕಾಲಕ್ಕೆ ಪ್ರತಿ ವರ್ಷ ಇವಳು ಗಂಡನ ಜೊತೆ ಆ ಕಣಿವೆಗೆ ಹೋಗಿ ಎರಡು ದಿನ ಇದ್ದು ಬರುತ್ತಾಳೆ. “ನಮ್ಮಮ್ಮನಿಗಿಂತ ಜಾಸ್ತಿ ಇವರತ್ರಾನೇ ಮಾತಾಡ್ತೀನಿ ಈಗ” ಎಂದು ನಕ್ಕಳು.

ಬ್ರೆಡ್ಡನ್ನು ತಟ್ಟೆಗೆ ವಾಪಸಿಟ್ಟೆ. ಹೇಳಿಬಿಟ್ಟೆ.

“ರಚನಾ, ಆ ರೆಕ್ಟಿಫೈಯರ್ ಇತ್ತಮ್ಮ. ನೀನು ಮೊದಲನೇ ಸಲ ಕೇಳಿದ ದಿನವೇ ಇತ್ತು. ನನ್ನ ಮೇಜಿನ ಕೆಳಗೆ.”

ಮೊದಲು ಅವಳು ನಕ್ಕಳು, ಏನೋ ತಮಾಷೆ ಎಂದುಕೊಂಡು. “ಮತ್ತೆ ಇಲ್ಲ ಅಂದ್ರಲ್ಲ ಅಂಕಲ್?”

ಅಬ್ಬಾನ ಅಂಗಡಿ, ಗ್ರೇಮ್‌ನ ಪಾಠ, ವಿರೆಮುವಿನ ಟೀ, ಎಲ್ಲ ವಿವರಿಸಿದೆ. ಹೇಳುತ್ತ ಹೇಳುತ್ತ ಅದೆಲ್ಲ ಎಷ್ಟು ಅಸಹ್ಯವಾಗಿ ಕೇಳಿಸುತ್ತಿದೆ ಎಂದು ನನಗೇ ಅನ್ನಿಸಿತು.

“ಅಂದ್ರೆ, ನಾನು ಇನ್ನೊಂದ್ಸಲ ಫೋನ್ ಮಾಡಿದ್ರೆ ಕೊಟ್ಬಿಡ್ತಿದ್ರಾ?”

ಸುಳ್ಳು ಹೇಳಬೇಕಾಗಿದ್ದ ಜಾಗ ಅದೊಂದೇ. ಜೀವಮಾನವಿಡೀ ಸರಾಗವಾಗಿ ಇಲ್ಲ ಅಂದವನಿಗೆ ಆಗ ಬಾಯಿಗೆ ಬರಲಿಲ್ಲ. “ಕೊಡ್ತಿದ್ದೆ” ಎಂದೆ.

ಅವಳ ಮುಖ ನನ್ನ ಕಣ್ಣೆದುರಿಗೇ ಬಿಳಿಚಿಕೊಂಡಿತು. “ದೊಡ್ಡೋರು ಇಲ್ಲ ಅಂದ್ಮೇಲೆ ಮತ್ತೆ ಹೇಗೆ ಅಂಕಲ್ ಕೇಳೋದು? ನಮ್ಮನೇಲಿ ಹಾಗೆ ಎರಡೆರಡು ಸಲ ಕೇಳಿದ್ರೆ ಅಪ್ಪ ಬೈತಿದ್ರು” ಎಂದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ, “ಒಂದೇ ಒಂದ್ ಫೋನು” ಎಂದಳು.

ಆಗ ನನಗೆ ಅರ್ಥವಾಯಿತು. ಆವರೆಗೆ ಅವಳಿಗೆ ಒಂದು ಸಮಾಧಾನವಿತ್ತು: ವಸ್ತುವೇ ಇರಲಿಲ್ಲ, ಯಾರೇನು ಮಾಡಲಾಗುತ್ತಿತ್ತು ಎಂದು. ಅದನ್ನು ಕಿತ್ತುಕೊಂಡು, ಇನ್ನೊಂದು ಸಲ ಕೇಳಿದ್ದರೆ ಆ ಮುದುಕ ಬದುಕುತ್ತಿದ್ದನೇನೋ ಎಂಬುದನ್ನು ಅವಳ ಮಡಿಲಿಗೆ ಹಾಕಲು ನಾನು ಆಕ್ಲೆಂಡಿನಿಂದ ಬಂದಿದ್ದೆ. “ನಿಂದೇನೂ ತಪ್ಪಿಲ್ಲ ತಾಯಿ, ಎಲ್ಲ ನಂದು” ಎಂದು ಬಡಬಡಿಸಿದೆ. ಅವಳಿಗೆ ಕೇಳಿಸಿತೋ ಇಲ್ಲವೋ.

“ಜೋನ್‌ಗೆ ನಾನೇನು ಹೇಳಿದೀನಿ ಗೊತ್ತಾ? ಇಡೀ ದೇಶದಲ್ಲೇ ಒಂದೂ ಇರ್ಲಿಲ್ಲ ಅಂತ. ನೀವು ಹೇಳಿದ ಮಾತೇ ಅದು. ಅವ್ರು ಅದನ್ನ ನಂಬ್ಕೊಂಡೇ ಜೀವ ಹಿಡ್ಕೊಂಡಿದಾರೆ ಅಂಕಲ್. ಯಾರ ಮೇಲೂ ಸಿಟ್ಟಿಲ್ಲ ನಂಗೆ, ಕಾಲಾನೇ ಹಾಗಿತ್ತು ಅಂತಾರೆ.”

ಹೀಗೆಂದು ಮೊಬೈಲ್ ತೆಗೆದು ನಂಬರು ಒತ್ತಿ, ಸ್ಪೀಕರ್ ಹಾಕಿ, ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದಳು.

ಮೂರನೆಯ ರಿಂಗಿಗೆ ಎತ್ತಿದರು. ಗೆಲುವಾದ ಮುದಿ ದನಿ. “ರಚನಾ, ನೀನೇನಾ ಮಗು? ಎಂಥ ಬಿಸಿಲು ಗೊತ್ತಾ ಇವತ್ತು ಇಲ್ಲಿ!” ಹಿಂದೆ ಎಲ್ಲೋ ನಾಯಿ ಬೊಗಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು ಲೈನು.

ರಚನಾ ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆದೆ. ನನ್ನ ಹೆಸರು ಬಾಷಾ, ಎಂದು ಶುರು ಮಾಡಿದರೆ ಸಾಕಾಗಿತ್ತು.

“ಹಲೋ? ಯಾರಿದ್ದೀರಿ? ಮಗು, ಕೇಳಿಸ್ತಾ ಇದೆಯಾ?”

ರಚನಾ ಎಷ್ಟು ಹೊತ್ತು ಕಾದಳೋ, ಕೊನೆಗೆ ಫೋನನ್ನು ತನ್ನತ್ತ ಎಳೆದುಕೊಂಡಳು. ಏನಿಲ್ಲ ಜೋನ್, ಸುಮ್ಮನೆ ನೆನಪಾಯಿತು, ಜಾಮ್ ಚೆನ್ನಾಗಿದೆ ಅಂತ ಹೇಳೋಣ ಅಂತ ಮಾಡಿದೆ, ಎಂದಳು. ದನಿ ಸ್ವಲ್ಪವೂ ನಡುಗಲಿಲ್ಲ. ಮರಿಗಳ ಬಗ್ಗೆ, ಬಿಸಿಲಿನ ಬಗ್ಗೆ ಐದು ನಿಮಿಷ ಮಾತಾಡಿ ಇಟ್ಟಳು. ಎದ್ದು ನನ್ನ ಲೋಟ, ತಟ್ಟೆ ತೆಗೆದಳು.

“ನೀವು ಹೊರಡಿ ಅಂಕಲ್” ಎಂದಳು.

ಹೊರಟು ಬಂದೆ. ರಚನಾ ಆಮೇಲೆ ನನಗೆ ಫೋನ್ ಮಾಡಿಲ್ಲ. ಈ ವರ್ಷ ಮರಿ ಹಾಕುವ ಕಾಲದಲ್ಲಿ ಅವಳು ಆ ಕಣಿವೆಗೆ ಹೋಗಲಿಲ್ಲವಂತೆ, ಅವಳ ಪರಿಚಯದವರು ಹೇಳಿದರು. ಜೋನ್‌ಗೆ ಯಾಕೆ ಎಂದು ಗೊತ್ತಿಲ್ಲ. ಅವರ ಪಾಲಿಗೆ ಈಗಲೂ ಇಡೀ ದೇಶದಲ್ಲಿ ಅಂಥದ್ದೊಂದು ಡಬ್ಬಿ ಇರಲೇ ಇಲ್ಲ.